ಮೂತ್ರಕೋಶದ ಒಳಗಿನ ಒತ್ತಡ ಅಳೆಯುವ ಪುಟ್ಟ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷದ ಹಿಂದೆ ನಮ್ಮಣ್ಣ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಮೆಣಸು ಕುಯ್ಯುವಾಗ ಸಿಲ್ವರ್ ಮರದಿಂದ ಬಿದ್ದ. ಏಣಿ ಜಾರಿತು, ಬೆನ್ನುಹುರಿಗೆ ಪೆಟ್ಟಾಯಿತು. ಕಾಲಿನ ಬಗ್ಗೆ ಎಲ್ಲರೂ ಕೇಳಿದರು. ಮೂತ್ರಕೋಶದ ಬಗ್ಗೆ ಯಾರೂ ಕೇಳಲಿಲ್ಲ, ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಎರಡು ವರ್ಷ ಆದಮೇಲೆ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಬಲಗಡೆ ಕಿಡ್ನಿ ಊದಿಕೊಂಡಿತ್ತು.

ಅಲ್ಲಿಂದ ನಾನು ಈ ವಿಷಯ ಓದುತ್ತಾ, ಡಾಕ್ಟರುಗಳನ್ನು ಕಾಡುತ್ತಾ, ಅಣ್ಣನ ಜೊತೆ ಪರೀಕ್ಷೆ ಕೋಣೆಯಲ್ಲಿ ಕೂರುತ್ತಾ ಬಂದಿದ್ದೇನೆ. ಚಿಕ್ಕಮಗಳೂರು, ಹಾಸನ, ಸಕಲೇಶಪುರದ ಕಡೆಯಿಂದ ಇದೇ ತೊಂದರೆ ಇರುವವರ ಮನೆಯವರು ಫೋನ್ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳನ್ನು. ನಾನು ಡಾಕ್ಟರಲ್ಲ. ಔಷಧಿ, ಡೋಸು ಇವೆಲ್ಲ ನಿಮ್ಮ ಡಾಕ್ಟರು ಹೇಳಿದ ಹಾಗೇ ಆಗಬೇಕು.

ಒದ್ದೆ ಆಗುತ್ತಿಲ್ಲ, ನೋವೂ ಇಲ್ಲ. ಆದರೂ ಒತ್ತಡ ಯಾಕೆ ಅಳೆಯಬೇಕು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ನಾವು ತಪ್ಪು ಮಾಡಿದ್ದೂ ಇಲ್ಲೇ.

ಮೂತ್ರಕೋಶಕ್ಕೆ ಎರಡು ಕೆಲಸ. ಗಂಟೆಗಟ್ಟಲೆ ಸುಮ್ಮನೆ ತುಂಬಿಕೊಳ್ಳಬೇಕು, ಆಮೇಲೆ ಒಂದೇ ಸಲ ಖಾಲಿ ಆಗಬೇಕು. ಆರೋಗ್ಯವಾಗಿದ್ದರೆ ತುಂಬುತ್ತಾ ಹೋದ ಹಾಗೆ ಅದರ ಗೋಡೆ ಸಡಿಲ ಬಿಡುತ್ತದೆ. ಹಾಗಾಗಿ 400, 500 ಮಿಲಿ ತುಂಬಿದರೂ ಒಳಗೆ ಒತ್ತಡ ಏರುವುದು ಬಹಳ ಕಡಿಮೆ. ಬೆನ್ನುಹುರಿಗೆ ಪೆಟ್ಟಾದಾಗ ಮಿದುಳು ಕಳಿಸುವ "ತಡಿ, ಈಗ ಬೇಡ" ಅನ್ನುವ ಸುದ್ದಿ ಕೆಳಗೆ ಮುಟ್ಟುವುದಿಲ್ಲ. ಚೀಲ ತನ್ನಷ್ಟಕ್ಕೆ ಹಿಂಡಲು ಶುರು ಮಾಡುತ್ತದೆ. ಅದೇ ಹೊತ್ತಿಗೆ ಕೆಳಗಿನ ಬಾಗಿಲು ತೆರೆಯುವ ಬದಲು ಇನ್ನೂ ಬಿಗಿಯಾಗುತ್ತದೆ. ಮೇಲಿಂದ ಹಿಂಡುವುದು, ಕೆಳಗೆ ಬಾಗಿಲು ಹಾಕಿರುವುದು. ಆಗ ಒತ್ತಡ ಹೋಗುವುದೆಲ್ಲಿಗೆ? ವಾಪಸ್ಸು ಕಿಡ್ನಿ ಕಡೆಗೆ.

ಕಿಡ್ನಿಯಿಂದ ಮೂತ್ರ ತರುವ ನಾಳ ಬಹಳ ಮೆತ್ತಗಿನದು, ಹನಿಹನಿಯಾಗಿ ಕೆಳಕ್ಕೆ ನೂಕುತ್ತಿರುತ್ತದೆ. ಮೂತ್ರಕೋಶದಲ್ಲಿ ಸದಾ ಒತ್ತಡ ಜಾಸ್ತಿ ಇದ್ದರೆ ಅದಕ್ಕೆ ನೂಕಲು ಆಗುವುದಿಲ್ಲ. ಅಲ್ಲೇ ನಿಲ್ಲುತ್ತದೆ, ಕಿಡ್ನಿ ಊದುತ್ತದೆ. ಪೆಟ್ಟಿನಿಂದ ಕೆಳಭಾಗಕ್ಕೆ ಸ್ಪರ್ಶವೇ ಇಲ್ಲದಿದ್ದರೆ ಇದು ಯಾವುದೂ ಅವರ ಗಮನಕ್ಕೆ ಬರುವುದಿಲ್ಲ.

ಅದಕ್ಕೇ ಹೇಳುವುದು, ಬಟ್ಟೆ ಒಣಗಿದೆ ಅಂದರೆ ಕಿಡ್ನಿ ಚೆನ್ನಾಗಿದೆ ಅಂತ ಅರ್ಥವಲ್ಲ. ಎಷ್ಟೋ ಸಲ ಸೋರದೇ ಇರುವವರಲ್ಲೇ ಒತ್ತಡ ಜಾಸ್ತಿ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲವಲ್ಲ. ನಮ್ಮಣ್ಣ ಎರಡು ವರ್ಷ ಒಣಗಿದ ಬಟ್ಟೆಯಲ್ಲೇ ಇದ್ದ. ನಾವು ಅದನ್ನೇ ಪುಣ್ಯ ಅಂದುಕೊಂಡಿದ್ದೆವು.

ಎಷ್ಟಿದ್ದರೆ ಸರಿ, ಎಷ್ಟಾದರೆ ಅಪಾಯ?

ಇದನ್ನು ಅಳೆಯುವುದು ನೀರಿನ ಎತ್ತರದಲ್ಲಿ. "10 ಸೆಂಟಿಮೀಟರ್ ನೀರು" ಅಂದರೆ, ಒಂದು ಕೊಳವೆಯಲ್ಲಿ 10 ಸೆಂಟಿಮೀಟರ್ ಎತ್ತರ ನೀರು ನಿಂತರೆ ತಳಕ್ಕೆ ಬೀಳುವಷ್ಟು ಒತ್ತಡ. ಬಿಪಿ ಅಳೆಯುವುದು ಪಾದರಸದ ಲೆಕ್ಕದಲ್ಲಿ, ಅದರ 1 ಮಿಲಿಮೀಟರ್ ಅಂದರೆ ಇಲ್ಲಿ ಸುಮಾರು 1.36 ಸೆಂಟಿಮೀಟರ್. ಎರಡನ್ನೂ ಬೆರೆಸಬೇಡಿ, ರಿಪೋರ್ಟ್ ಓದುವಾಗ ಗಾಬರಿ ಆಗುತ್ತದೆ.

ತುಂಬುವ ಹೊತ್ತಿನಲ್ಲಿ ಮೂತ್ರಕೋಶದ ಸ್ನಾಯುವಿನ ಒತ್ತಡ 10, 15ರ ಒಳಗೇ ಇದ್ದರೆ ಚೆನ್ನ. ಗಂಡಸರಲ್ಲಿ ಒಂದಕ್ಕೆ ಹೋಗುವಾಗ 40ರಿಂದ 60ರವರೆಗೆ ಏರಬಹುದು, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಆ ಏರಿಕೆ ಸಹಜ, ಯಾಕೆಂದರೆ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತದೆ. ಕಷ್ಟ ಇರುವುದು ತುಂಬುವಾಗಲೇ ಏರಿ ಗಂಟೆಗಟ್ಟಲೆ ಅಲ್ಲೇ ನಿಂತರೆ.

40 ಅನ್ನುವ ಅಂಕಿ ಎಲ್ಲ ಡಾಕ್ಟರ ಬಾಯಲ್ಲೂ ಬರುತ್ತದೆ. 1981ರಲ್ಲಿ ಅಮೆರಿಕದ ಎಡ್ವರ್ಡ್ ಮೆಕ್‌ಗ್ವಾಯರ್ ಮತ್ತು ಜೊತೆಗಾರರು ಹುಟ್ಟಿನಿಂದಲೇ ಬೆನ್ನುಹುರಿ ತೊಂದರೆ ಇದ್ದ ಮಕ್ಕಳನ್ನು ಗಮನಿಸಿ ಬರೆದರು: ಮೂತ್ರ ಸೋರಲು ಶುರುವಾಗುವ ಹೊತ್ತಿಗೆ ಒತ್ತಡ 40 ದಾಟಿದ್ದ ಮಕ್ಕಳಲ್ಲಿ ಕಿಡ್ನಿ ಮತ್ತು ನಾಳ ಕೆಡುವುದು ಬಹಳ ಜಾಸ್ತಿ. ಆದರೆ 39 ಬಂದರೆ ಬಚಾವ್, 41 ಬಂದರೆ ಕೆಟ್ಟಿತು ಅಂತಲ್ಲ. ದಿನದಲ್ಲಿ ಎಷ್ಟು ಹೊತ್ತು ಆ ಒತ್ತಡ ಇರುತ್ತದೆ ಅನ್ನುವುದೂ ಅಷ್ಟೇ ಮುಖ್ಯ.

ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಲ್ವಾ? ಪೈಪ್ ಹಾಕಿಸಿಕೊಳ್ಳುವುದು ಯಾಕೆ?

ಸ್ಕ್ಯಾನಿಂಗ್‌ನಲ್ಲಿ ಎಷ್ಟು ಮೂತ್ರ ಇದೆ, ಗೋಡೆ ದಪ್ಪ ಆಗಿದೆಯಾ, ಕಿಡ್ನಿ ಊದಿದೆಯಾ ಅಂತ ಕಾಣುತ್ತದೆ. ಒತ್ತಡ ಕಾಣುವುದಿಲ್ಲ, ಅದನ್ನು ಮೂತ್ರದ ದಾರಿಯಲ್ಲಿ ಸಣ್ಣ ಪೈಪ್ (ಕ್ಯಾಥೆಟರ್) ಹಾಕಿಯೇ ಅಳೆಯಬೇಕು. ಒಂದೇ 300 ಮಿಲಿ ಒಬ್ಬರಲ್ಲಿ 8 ಸೆಂಟಿಮೀಟರ್ ಒತ್ತಡದಲ್ಲಿ ಕೂತಿರುತ್ತದೆ, ಇನ್ನೊಬ್ಬರಲ್ಲಿ 50ರಲ್ಲಿ. ಪರದೆ ಮೇಲೆ ಎರಡೂ ಒಂದೇ ಥರ. ಕಿಡ್ನಿ ಊದಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡಿತು ಅಂದರೆ ಆಗಲೇ ತಡವಾಗಿದೆ. ಒತ್ತಡ ಅಳೆಯುವುದು ಅದಕ್ಕೂ ಮೊದಲು ಎಚ್ಚರಿಸಲು.

ಈ ಸೆನ್ಸರ್ ಅಂದರೆ ಏನು? ಎಷ್ಟು ದೊಡ್ಡದಿರುತ್ತದೆ?

ಹೆಚ್ಚಿನ ಜನ ಒಂದು ಮೀಟರೋ ಡಬ್ಬಿಯೋ ಒಳಗೆ ಹೋಗುತ್ತದೆ ಅಂದುಕೊಂಡು ಹೆದರುತ್ತಾರೆ. ಸೆನ್ಸರಿನ ಮುಖ್ಯ ಭಾಗ ರಾಗಿ ಕಾಳಿಗಿಂತ ಚಿಕ್ಕದಿರಬಹುದು, ಒಂದು ಮಿಲಿಮೀಟರಿಗಿಂತ ಕಡಿಮೆ.

ಸಿಲಿಕಾನ್ ತುಣುಕಿನಲ್ಲಿ ಒಂದು ಕಡೆ ಕೊರೆದು ತೆಳ್ಳಗಿನ ಪೊರೆ ಮಾಡಿರುತ್ತಾರೆ, ತಮಟೆಯ ಚರ್ಮದ ಹಾಗೆ. ಹೊರಗಿಂದ ಒತ್ತಿದರೆ ಪೊರೆ ಚೂರು ಬಗ್ಗುತ್ತದೆ. ಪೊರೆಯ ಅಂಚಿನಲ್ಲಿ ಪುಟ್ಟ ರೆಸಿಸ್ಟರುಗಳು ಇರುತ್ತವೆ. ಪೊರೆ ಬಗ್ಗಿದಾಗ ಅವು ಕರೆಂಟಿಗೆ ಒಡ್ಡುವ ಅಡ್ಡಿ ಬದಲಾಗುತ್ತದೆ, ಎಷ್ಟು ಬದಲಾಯಿತು ಅನ್ನುವುದರಿಂದ ಒತ್ತಡ ಲೆಕ್ಕ ಹಾಕುತ್ತಾರೆ. ಸಿಲಿಕಾನಿಗೆ ಈ ಗುಣ ಇದೆ ಅಂತ 1954ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಚಾರ್ಲ್ಸ್ ಸ್ಮಿತ್ ತೋರಿಸಿದರು. ಇವತ್ತು ಕಾರಿನ ಎಂಜಿನ್‌ನಲ್ಲಿ, ಮನೆಯ ಬಿಪಿ ಮೆಷಿನ್‌ನಲ್ಲಿ ಇರುವುದೂ ಇದೇ ಜಾತಿಯ ಸೆನ್ಸರ್.

ಇನ್ನೊಂದು ಬಗೆಯಲ್ಲಿ ಎರಡು ಪುಟ್ಟ ತಗಡುಗಳ ನಡುವೆ ಸಂದು ಇರುತ್ತದೆ. ಒತ್ತಡ ಬಿದ್ದರೆ ಸಂದು ಕಡಿಮೆಯಾಗುತ್ತದೆ. ಇದಕ್ಕೆ ಒಂದು ಸುರುಳಿ ತಂತಿ ಜೋಡಿಸಿದರೆ ಬ್ಯಾಟರಿಯೇ ಬೇಕಿಲ್ಲ. ಹೊರಗಿಂದ ರೇಡಿಯೋ ಅಲೆ ಕಳಿಸಿ, ಅದು ಯಾವ ಶ್ರುತಿಯಲ್ಲಿ ಉತ್ತರ ಕೊಡುತ್ತದೆ ಅಂತ ಕೇಳಿಸಿಕೊಂಡರೆ ಆಯಿತು. ಬೆಳಕಿನಿಂದ ಅಳೆಯುವ ಗಾಜಿನ ಎಳೆಯ ಸೆನ್ಸರ್ ಕೂಡ ಇದೆ.

ಹೊರಗೆ ಸೆನ್ಸರ್ ಇಟ್ಟು ನೀರಿನ ಪೈಪ್ ಹಾಕುವುದು ಒಳ್ಳೆಯದಾ, ಪೈಪಿನ ತುದಿಯಲ್ಲೇ ಸೆನ್ಸರ್ ಇರುವುದು ಒಳ್ಳೆಯದಾ?

ಗಾರೆ ಕೆಲಸದವರು ಪಾಯ ಹಾಕುವಾಗ ಉದ್ದನೆ ಪ್ಲಾಸ್ಟಿಕ್ ಟ್ಯೂಬಲ್ಲಿ ನೀರು ತುಂಬಿ ಲೆವೆಲ್ ನೋಡುತ್ತಾರೆ ನೋಡಿ, ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುವ ಪದ್ಧತಿ ಅದರ ತಮ್ಮನೇ. ನೀರು ತುಂಬಿದ ಸಣ್ಣ ಪೈಪ್ ಮೂತ್ರಕೋಶಕ್ಕೆ ಹೋಗುತ್ತದೆ, ಸೆನ್ಸರ್ ಹೊರಗೆ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಅದನ್ನು ಹೊಟ್ಟೆಯ ಕೆಳಗಿನ ಮುಂಭಾಗದ ಮೂಳೆಯ ಮೇಲಂಚಿನ ಮಟ್ಟಕ್ಕೆ ತಂದು ನಿಲ್ಲಿಸುತ್ತಾರೆ, ಕೋಣೆಯ ಗಾಳಿಗೆ ತೆರೆದು ಸೊನ್ನೆ ಮಾಡುತ್ತಾರೆ. ಸ್ಟ್ಯಾಂಡ್ ಹತ್ತು ಸೆಂಟಿಮೀಟರ್ ಮೇಲೆ ಕೆಳಗೆ ಆದರೆ ಓದಿದ ಒತ್ತಡವೂ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಟ್ಯೂಬಲ್ಲಿ ಗುಳ್ಳೆ ಇದ್ದರೆ ಗಾರೆಯವನ ಲೆವೆಲ್ ತಪ್ಪುವ ಹಾಗೆ ಇಲ್ಲೂ ಪರದೆ ಮೇಲಿನ ಒತ್ತಡದ ಗೆರೆ ಮಂಕಾಗುತ್ತದೆ. ನಮ್ಮಣ್ಣನ ಪರೀಕ್ಷೆ ದಿನ ಸಿಸ್ಟರ್ ಒಬ್ಬರು ಬಲು ತಾಳ್ಮೆಯಿಂದ ಉಗುರಿನಲ್ಲಿ ಟ್ಯೂಬಿಗೆ ಟಕ್ ಟಕ್ ಅಂತ ಹೊಡೆದು ಒಂದೊಂದೇ ಗುಳ್ಳೆ ಮೇಲಕ್ಕೆ ಓಡಿಸುತ್ತಿದ್ದರು. ಆವತ್ತು ಯಾಕೆ ಅಂತ ತಿಳಿಯಲಿಲ್ಲ, ಈಗ ನೆನೆಸಿಕೊಂಡರೆ ಅವರ ಮೇಲೆ ಗೌರವ ಬರುತ್ತದೆ.

ತುದಿಯಲ್ಲೇ ಸೆನ್ಸರ್ ಇದ್ದರೆ ಗುಳ್ಳೆಯ ಕಾಟವಿಲ್ಲ. ರೋಗಿ ಅಲುಗಾಡಿದರೂ ಟ್ಯೂಬ್ ಕುಣಿದು ಗೆರೆ ಕೆಡುವುದಿಲ್ಲ, ಕೆಮ್ಮಿನಂಥ ಚುರುಕು ಬದಲಾವಣೆ ಚೆನ್ನಾಗಿ ಹಿಡಿಯುತ್ತದೆ. ಓಡಾಡಿಕೊಂಡೇ ಗಂಟೆಗಟ್ಟಲೆ ಅಳೆಯಬೇಕು ಅಂದರೆ ಇದೇ ವಾಸಿ. ಆದರೆ ಬೆಲೆ ಜಾಸ್ತಿ, ನಾಜೂಕು. ಅಲ್ಲದೆ ಸೆನ್ಸರ್ ಮೂತ್ರಕೋಶದ ತಳದಲ್ಲಿದೆಯೋ ಮೇಲೆ ತೇಲುತ್ತಿದೆಯೋ ಗೊತ್ತಾಗುವುದಿಲ್ಲ. ಗೋಡೆಗೆ ಒತ್ತಿಕೊಂಡರೆ ಗೋಡೆಯ ಒತ್ತನ್ನೇ ಓದಿಬಿಡುತ್ತದೆ. ತುದಿಯಲ್ಲಿ ಪುಟ್ಟ ಗಾಳಿ ಬಲೂನ್ ಇರುವ ಮೂರನೇ ಬಗೆಯೂ ಬಳಕೆಯಲ್ಲಿದೆ. ಈ ವಿಷಯ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಘ, ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ, ಮಾದರಿ ಅಂತ ಹಿಡಿದಿರುವುದು ನೀರಿನ ಪೈಪನ್ನೇ. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ಅದೇ ಇದ್ದರೆ "ಹಳೇದು" ಅಂತ ಬೇಜಾರು ಮಾಡಿಕೊಳ್ಳಬೇಡಿ. ಶ್ರದ್ಧೆಯಿಂದ ಮಾಡಿದ ನೀರಿನ ಪೈಪಿನ ಪರೀಕ್ಷೆ, ಅವಸರದಲ್ಲಿ ಮಾಡಿದ ದುಬಾರಿ ಸೆನ್ಸರಿಗಿಂತ ಎಷ್ಟೋ ಮೇಲು.

ಪರೀಕ್ಷೆ ದಿನ ಏನೇನು ಮಾಡುತ್ತಾರೆ?

ಪರೀಕ್ಷೆಯ ಹೆಸರು ಯೂರೋಡೈನಾಮಿಕ್ಸ್. ಮೊದಲು ಮೂತ್ರದಲ್ಲಿ ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ, ಇದ್ದರೆ ಮುಂದಕ್ಕೆ ಹಾಕುತ್ತಾರೆ. ಆಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಪೈಪ್ ಮೂತ್ರಕೋಶಕ್ಕೆ ಇಡುತ್ತಾರೆ. ಬಾಲ್ ಪೆನ್ನಿನ ರೀಫಿಲ್ಲಿಗಿಂತ ಸಣ್ಣದು. ಮೂತ್ರ ಖಾಲಿ ಮಾಡಲು ನೀವು ದಿನಾ ಮನೆಯಲ್ಲಿ ಹಾಕಿಕೊಳ್ಳುವ ಪೈಪಿನ ಅರ್ಧದಷ್ಟೇ ದಪ್ಪ.

ಇನ್ನೊಂದು ಪೈಪ್ ಗುದದ್ವಾರದಲ್ಲಿ ಇಡುತ್ತಾರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅಲ್ಲಿ ಹೋದಮೇಲೆ ಜನ ಮುಜುಗರಪಡುತ್ತಾರೆ. ಯಾಕೆ ಬೇಕು ಅಂದರೆ, ಮೂತ್ರಕೋಶದೊಳಗಿನ ಸೆನ್ಸರಿಗೆ ಎರಡು ಒತ್ತಡ ಸೇರಿಯೇ ಕಾಣುತ್ತದೆ: ಮೂತ್ರಕೋಶ ತಾನೇ ಹಿಂಡುವುದು ಒಂದು, ಸುತ್ತಲಿನ ಹೊಟ್ಟೆ ಒತ್ತುವುದು ಇನ್ನೊಂದು. ಮಲಗಿದ್ದಾಗ ಈ ಒಟ್ಟು ಒತ್ತಡ 5ರಿಂದ 20 ಇರಬಹುದು, ಎದ್ದು ನಿಂತರೆ ಏನೂ ತೊಂದರೆ ಇಲ್ಲದವರಲ್ಲೂ 30ರಿಂದ 50ರವರೆಗೆ ಇರುತ್ತದೆ. ಹೊಟ್ಟೆಯ ಒತ್ತಡವನ್ನು ಬೇರೆ ಅಳೆದು ಕಳೆದರೆ ಮಾತ್ರ ಮೂತ್ರಕೋಶದ್ದು ಎಷ್ಟು ಅಂತ ತಿಳಿಯುತ್ತದೆ. ಗುದದ್ವಾರದ ಪೈಪಿನ ಕೆಲಸ ಅಷ್ಟೇ. ಹಿಂದಿನ ದಿನ ಮಲವಿಸರ್ಜನೆ ಸರಿಯಾಗಿ ಆಗಿದ್ದರೆ ಓದು ಸರಿ ಬರುತ್ತದೆ, ಇದನ್ನು ನೆನಪಿಡಿ.

ಆಗಾಗ "ಕೆಮ್ಮಿ" ಅನ್ನುತ್ತಾರೆ. ಕೆಮ್ಮಿದಾಗ ಎರಡೂ ಗೆರೆ ಒಂದೇ ಸಮ ಮೇಲೆ ಹಾರಬೇಕು. ಕಳೆದು ಬಂದ ಮೂರನೇ ಗೆರೆ ಅಲುಗಬಾರದು. ಒಂದು ಹಾರಿ ಇನ್ನೊಂದು ಹಾರದಿದ್ದರೆ ಪೈಪ್ ಎಲ್ಲೋ ಸರಿ ಕೂತಿಲ್ಲ ಅಂತ.

ಆಮೇಲೆ ಸಲೈನನ್ನು ನಿಧಾನವಾಗಿ ತುಂಬುತ್ತಾರೆ. ಇಲ್ಲೊಂದು ಕೊರತೆ ಇದೆ. ಕಿಡ್ನಿ ತುಂಬಿಸುವುದು ನಿಮಿಷಕ್ಕೆ ಒಂದೆರಡು ಮಿಲಿ. ಪರೀಕ್ಷೆಯಲ್ಲಿ 20, 30, ಕೆಲವು ಸಲ 50 ಮಿಲಿ. ಮೂರು ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ! ಅವಸರದಲ್ಲಿ ತುಂಬಿದರೆ ಒತ್ತಡ ಸುಮ್ನೆ ಏರಬಹುದು, ಅದಕ್ಕೇ ಬೆನ್ನುಹುರಿ ಪೆಟ್ಟಾದವರಿಗೆ ನಿಧಾನ ತುಂಬಿ ಅಂತ ಕೇಳಿಕೊಳ್ಳುವುದು ತಪ್ಪಲ್ಲ.

ನಮ್ಮಣ್ಣನ ಪರೀಕ್ಷೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 100 ಮಿಲಿ ತನಕ ಗೆರೆ ನೆಲಕ್ಕಂಟಿದ ಹಾಗಿತ್ತು. ಅಣ್ಣ ಡಾಕ್ಟರ ಹತ್ತಿರ ಮೆಣಸಿನ ರೇಟು ಮಾತಾಡುತ್ತಿದ್ದ. 150 ದಾಟಿದ ಮೇಲೆ ಗೆರೆ ಏಳಲು ಶುರುವಾಯಿತು. 20, 30, 38. ಅವನು ಮಾತಾಡುತ್ತಲೇ ಇದ್ದ. 180 ಮಿಲಿಗೆ 52. ಒಂದು ಹನಿ ಹೊರಗೆ ಬಂದಿರಲಿಲ್ಲ. ಡಾಕ್ಟರು ಪಂಪ್ ನಿಲ್ಲಿಸಿ, "ಈಗ ಏನಾದರೂ ಅನಿಸ್ತಿದೆಯಾ?" ಅಂದರು. "ಇಲ್ಲ ಸಾರ್, ಆರಾಮಾಗಿದೀನಿ" ಅಂದ. ಮನೆಯಲ್ಲಿ ನಾವು ಅವನಿಗೆ 500 ಮಿಲಿ ಆದಮೇಲೆ ಪೈಪ್ ಹಾಕುತ್ತಿದ್ದೆವು.

ನೋವಾಗುತ್ತಾ? ಆಮೇಲೆ ಏನು ಎಚ್ಚರಿಕೆ?

ಸ್ಪರ್ಶ ಇರುವವರಿಗೆ ಪೈಪ್ ಹಾಕುವಾಗ ಸ್ವಲ್ಪ ಉರಿ, ಆಮೇಲೆ ಒಂದೆರಡು ದಿನ ಒಂದಕ್ಕೆ ಹೋಗುವಾಗ ಉರಿ. ನೀರು ಚೆನ್ನಾಗಿ ಕುಡಿದರೆ ಕಡಿಮೆಯಾಗುತ್ತದೆ. ಜ್ವರ, ಚಳಿ ಬಂದರೆ ಅಥವಾ ರಕ್ತ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಒಂದು ವಿಷಯ ಮರೆಯಲೇಬಾರದು. ಪೆಟ್ಟು ಬೆನ್ನುಮೂಳೆಯ ಎದೆಭಾಗದ ಆರನೇ ಮೂಳೆಯ (ರಿಪೋರ್ಟಿನಲ್ಲಿ T6) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದರೆ, ಮೂತ್ರಕೋಶ ತುಂಬಿದಾಗ ಬಿಪಿ ಇದ್ದಕ್ಕಿದ್ದ ಹಾಗೆ ಏರಿಬಿಡಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು. ಪರೀಕ್ಷೆಗೆ ಮೊದಲೇ ಸಿಬ್ಬಂದಿಗೆ ಹೇಳಿ, ಅವರು ಬಿಪಿ ನೋಡುತ್ತಾ ತುಂಬುತ್ತಾರೆ. ಮನೆಯಲ್ಲಿ ಹೀಗಾದರೆ ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ, ಪೈಪ್ ಮಡಚಿದೆಯಾ ನೋಡಿ. ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಪೈಪೇ ಇಲ್ಲದೆ ಒಳಗೇ ಬಿಡುವ ಚಿಪ್ ಬಂದಿದೆಯಂತೆ, ನಿಜವಾ?

ನಿಜ, ಪ್ರಯತ್ನ ಜೋರಾಗಿ ನಡೆದಿದೆ. ಈ ಆಸೆ ಹಳೆಯದು. ನುಂಗುವ ರೇಡಿಯೋ ಗುಳಿಗೆಯನ್ನು 1957ರಲ್ಲೇ ಸ್ಟುವರ್ಟ್ ಮ್ಯಾಕೇ ಮತ್ತು ಬರ್ಟಿಲ್ ಯಾಕೊಬ್ಸನ್ ತೋರಿಸಿದ್ದರು, ಅದು ಹೊಟ್ಟೆಯೊಳಗಿನ ಒತ್ತಡವನ್ನು ಹೊರಗೆ ಕಳಿಸುತ್ತಿತ್ತು.

ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ಮೂತ್ರಕೋಶದೊಳಗೆ ಇರುವ ಗುಳಿಗೆಯನ್ನು ಹಂದಿಗಳಲ್ಲಿ ಪರೀಕ್ಷಿಸಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರ್ಗಟ್ ಡಮಾಸರ್, ಸ್ಟೀವ್ ಮಜೆರಸ್ ಮುಂತಾದವರ ತಂಡ ಬಹಳ ವರ್ಷದಿಂದ ಇದರ ಹಿಂದೆ ಬಿದ್ದಿದೆ. ಮೊದಲು ಮೂತ್ರಕೋಶದ ಒಳಪದರದ ಕೆಳಗೆ ಸೇರಿಸುವ ಸೆನ್ಸರ್ ಮಾಡಿದರು. ಆಮೇಲೆ ಯೂರೋಮಾನಿಟರ್ ಅನ್ನುವುದನ್ನು ತಂದರು. ಅದು ಮೆತ್ತಗಿನ ಸಾಧನ, ಮೂತ್ರದ ದಾರಿಯಲ್ಲೇ ಒಳಗೆ ಬಿಟ್ಟರೆ ಸುರುಳಿಯಾಗಿ ಕೂರುತ್ತದೆ, ತಂತಿಯಿಲ್ಲದೆ ಹೊರಗೆ ಸುದ್ದಿ ಕಳಿಸುತ್ತದೆ, ಕೆಲಸ ಮುಗಿದ ಮೇಲೆ ಎಳೆದು ತೆಗೆಯಬಹುದು. ಮನುಷ್ಯರಲ್ಲಿ ಮೊದಲ ಪ್ರಯೋಗವೂ ಆಗಿದೆ. ಇದರಿಂದ ದೊಡ್ಡ ಲಾಭ ಏನೆಂದರೆ, ಆಸ್ಪತ್ರೆಯ ಕೋಣೆಯಲ್ಲಿ ಮೂವರ ಮುಂದೆ ಮಲಗಿ ಸಲೈನ್ ತುಂಬಿಸಿಕೊಳ್ಳುವ ಬದಲು ಕಿಡ್ನಿ ತನ್ನ ವೇಗದಲ್ಲಿ ತುಂಬುವಾಗ ಅಳೆಯಬಹುದು.

ಆದರೆ ವರ್ಷಾನುಗಟ್ಟಲೆ ಒಳಗೇ ಇದ್ದು ಮನೆಯಲ್ಲಿ ದಿನಾ ಒತ್ತಡ ಹೇಳುವ ಚಿಪ್, ನಾವೆಲ್ಲ ಹೋಗಿ ಹಾಕಿಸಿಕೊಂಡು ಬರುವ ಹಂತಕ್ಕೆ ಬಂದಿಲ್ಲ. ಯಾರಾದರೂ "ನಮ್ಮಲ್ಲಿ ಇದೆ, ಇಷ್ಟು ಕೊಡಿ" ಅಂದರೆ ದುಡ್ಡು ಕೊಡುವ ಮೊದಲು ನಿಮ್ಮ ಯೂರಾಲಜಿ ಡಾಕ್ಟರನ್ನು ಕೇಳಿ.

ಹೃದಯದ ಹತ್ತಿರ ಹಾಕುವ ಚಿಪ್ ಇದೆಯಲ್ಲ, ಮೂತ್ರಕೋಶಕ್ಕೆ ಯಾಕೆ ಇಷ್ಟು ತಡ?

ಒಳ್ಳೇ ಪ್ರಶ್ನೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಇಡುವ ಕಾರ್ಡಿಯೋಮೆಮ್ಸ್ ಅನ್ನುವ ಬ್ಯಾಟರಿ ಇಲ್ಲದ ಸೆನ್ಸರಿಗೆ ಅಮೆರಿಕದಲ್ಲಿ 2014ರಲ್ಲೇ ಒಪ್ಪಿಗೆ ಸಿಕ್ಕಿತು. ಮೂತ್ರಕೋಶ ಅದಕ್ಕಿಂತ ಕಷ್ಟದ ಮನೆ.

ಮೊದಲನೆಯದು ಮೂತ್ರವೇ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ಲ, ಮೂತ್ರದಲ್ಲಿ ಏನೇ ವಸ್ತು ಇಟ್ಟರೂ ಹಾಗೇ ಲವಣ ಕಟ್ಟುತ್ತದೆ, ಬ್ಯಾಕ್ಟೀರಿಯಾ ಪದರ ಕೂರುತ್ತದೆ, ನಿಧಾನಕ್ಕೆ ಕಲ್ಲಾಗುತ್ತದೆ. ತೆಳ್ಳಗಿನ ಪೊರೆಯ ಮೇಲೆ ಗಾರೆ ಹಿಡಿದರೆ ಅದು ಬಗ್ಗುವುದು ಹೇಗೆ? ಎರಡನೆಯದು ಜಾಗ. ಸುಮ್ಮನೆ ತೇಲಲು ಬಿಟ್ಟರೆ ಬಾಗಿಲಿಗೆ ಅಡ್ಡ ಕೂರಬಹುದು, ಇಲ್ಲ ಮೂತ್ರದ ಜೊತೆ ಹೊರಟುಹೋಗಬಹುದು. ಗೋಡೆಗೆ ಹೊಲಿದರೆ, ಆ ಗೋಡೆ ದಿನಕ್ಕೆ ಐದಾರು ಸಲ ಹಿಗ್ಗಿ ಕುಗ್ಗುತ್ತದೆ, ಚಿಪ್ ನಿಧಾನಕ್ಕೆ ಕೊರೆದುಕೊಂಡು ಆಚೆ ಬರಬಹುದು. ಮೂರನೆಯದು ಸೊನ್ನೆ ಜಾರುವುದು. ತರಕಾರಿ ಅಂಗಡಿಯ ತಕ್ಕಡಿ ಖಾಲಿ ಇದ್ದಾಗಲೂ 20 ಗ್ರಾಂ ತೋರಿಸಿದರೆ ಬಟನ್ ಒತ್ತಿ ಸೊನ್ನೆ ಮಾಡಬಹುದು. ಹೊಟ್ಟೆಯೊಳಗೆ ಕೂತ ಸೆನ್ಸರನ್ನು ಹೊರಗೆ ತೆಗೆದು ಸೊನ್ನೆ ಮಾಡುವುದು ಹೇಗೆ? ಮೂತ್ರಕೋಶದಲ್ಲಿ ನಮಗೆ ಬೇಕಿರುವುದು 10ಕ್ಕೂ 40ಕ್ಕೂ ಇರುವ ವ್ಯತ್ಯಾಸ. ತೇವ ಒಳಗೆ ನುಸುಳಿ ಓದು 15 ಜಾರಿದರೆ ಲೆಕ್ಕವೇ ಬುಡಮೇಲು.

ರೇಡಿಯೋ ಅಲೆ ಮೈಯ ನೀರಿನಂಶ ದಾಟುವಾಗ ಸೊರಗುವುದು, ಗುದದ್ವಾರದ ಪೈಪ್ ಇಲ್ಲದೆ ಹೊಟ್ಟೆಯ ಒತ್ತಡ ಕಳೆಯುವುದು ಹೇಗೆ ಅನ್ನುವುದು, ಇವೂ ಇವೆ.

ಘಟ್ಟ ಇಳಿದರೆ ಒಳಗಿನ ಚಿಪ್ಪಿನ ಲೆಕ್ಕ ತಪ್ಪುತ್ತಾ?

ಕೊಟ್ಟಿಗೆಹಾರದ ಕಡೆಯ ಒಬ್ಬ ಹುಡುಗ ಕೇಳಿದ್ದು ಇದು, ಅವನ ತಂದೆಗೆ ಇದೇ ತೊಂದರೆ. ಹುಡುಗನ ತಲೆ ಚೆನ್ನಾಗಿ ಓಡಿದೆ ಅಂದುಕೊಂಡೆ.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಚಾರ್ಮಾಡಿ ಇಳಿದು ಮಂಗಳೂರು ಮುಟ್ಟಿದರೆ ಗಾಳಿಯ ಒತ್ತಡ ಸುಮಾರು 120 ಸೆಂಟಿಮೀಟರ್ ನೀರಿನಷ್ಟು ಏರುತ್ತದೆ. ನಾವು ಹೆದರುವ ಅಂಕಿ 40. ಅದರ ಮೂರು ಪಟ್ಟು, ಬರೀ ಬಸ್ಸಲ್ಲಿ ಕೂತಿದ್ದಕ್ಕೆ! ಊರಿಂದ 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತಿದರೆ 80ರ ಮೇಲೆ ಇಳಿಯುತ್ತದೆ. ಇದರಿಂದ ಮೂತ್ರಕೋಶಕ್ಕೆ ಏನೂ ಆಗುವುದಿಲ್ಲ, ಗಾಳಿ ಮೈಗೆಲ್ಲ ಒಂದೇ ಸಮ ಒತ್ತುತ್ತದೆ. ಆದರೆ ಪೂರ್ತಿ ಮುಚ್ಚಿ ಸೀಲ್ ಮಾಡಿದ ಸೆನ್ಸರ್ ಗಾಳಿಯ ಒತ್ತಡವನ್ನೂ ಸೇರಿಸಿಯೇ ಓದುತ್ತದೆ. ಅದಕ್ಕೆ ಹೊರಗಿನ ಯಂತ್ರದಲ್ಲಿ ಗಾಳಿ ಒತ್ತಡ ಅಳೆಯುವ ಇನ್ನೊಂದು ಸೆನ್ಸರ್ ಇಟ್ಟು ಕ್ಷಣಕ್ಷಣಕ್ಕೂ ಕಳೆಯಬೇಕು. ಆಸ್ಪತ್ರೆಯ ನೀರಿನ ಪೈಪಿಗೆ ಈ ತೊಂದರೆ ಇಲ್ಲ, ಅದನ್ನು ಅದೇ ಕೋಣೆಯ ಗಾಳಿಯಲ್ಲೇ ಸೊನ್ನೆ ಮಾಡಿರುತ್ತಾರೆ.

ಹೊಟ್ಟೆ ಮೇಲೆ ಅಂಟಿಸುವ ಪಟ್ಟಿ ಸಾಕಾಗಲ್ವಾ?

ಅಲ್ಟ್ರಾಸೌಂಡ್ ಪಟ್ಟಿಗಳು ಎಷ್ಟು ತುಂಬಿದೆ ಅಂತ ಹೇಳುತ್ತವೆ. ಪೈಪ್ ಹಾಕುವ ಹೊತ್ತು ಗೊತ್ತುಮಾಡಿಕೊಳ್ಳಲು ಒಳ್ಳೆಯದೇ. ಒತ್ತಡ ಹೇಳುವುದಿಲ್ಲ.

ರಿಪೋರ್ಟ್ ಕೈಗೆ ಬಂತು. ಏನು ಕೇಳಬೇಕು?

ನಾನು ಕೇಳುವುದು ಇಷ್ಟು. ಎಷ್ಟು ಮಿಲಿ ತನಕ ಒತ್ತಡ ಕಡಿಮೆ ಇತ್ತು? ಎಷ್ಟಕ್ಕೆ ಏರಿತು, ಮೇಲೆಂದರೆ ಎಲ್ಲಿ ತನಕ ಹೋಯಿತು? ಸೋರಿದಾಗ ಒತ್ತಡ ಎಷ್ಟಿತ್ತು? ಮೂತ್ರಕೋಶ ಹಿಂಡುವ ಹೊತ್ತಿಗೆ ಬಾಗಿಲು ಬಿಗಿಯಾಗುತ್ತಿದೆಯಾ?

ಇನ್ನೊಂದು ಅಂಕಿ ಇರುತ್ತದೆ, ಕಾಂಪ್ಲಯನ್ಸ್ ಅಂತ. ಗೋಡೆ ಎಷ್ಟು ಸಡಿಲ ಬಿಡುತ್ತದೆ ಅನ್ನುವ ಲೆಕ್ಕ. 350 ಮಿಲಿ ತುಂಬಿದಾಗ ಒತ್ತಡ 7 ಏರಿದರೆ 50 ಬರುತ್ತದೆ, ಬಹಳ ಚೆನ್ನಾಗಿದೆ. 200 ಮಿಲಿಗೆ 40 ಏರಿದರೆ ಬರೀ 5, ಗೋಡೆ ಗಡುಸಾಗಿದೆ.

ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ: "ಹಾಗಾದರೆ ಮನೆಯಲ್ಲಿ ಎಷ್ಟು ಮಿಲಿ ಆಗುವ ಮೊದಲು ಪೈಪ್ ಹಾಕಬೇಕು?" ಗ್ರಾಫ್ ಅರ್ಥವಾಗದಿದ್ದರೂ ಪರವಾಗಿಲ್ಲ, ಈ ಒಂದು ಅಂಕಿ ಬರೆಸಿಕೊಂಡು ಬನ್ನಿ.

ಒತ್ತಡ ಜಾಸ್ತಿ ಬಂದರೆ ಮುಂದೇನು?

ಧೈರ್ಯಗೆಡಬೇಡಿ, ದಾರಿಗಳಿವೆ. ಮೊದಲನೆಯದು ಹೊತ್ತುಹೊತ್ತಿಗೆ ಶುಚಿಯಾಗಿ ಪೈಪ್ ಹಾಕಿ ಖಾಲಿ ಮಾಡುವುದು. 1972ರಲ್ಲಿ ಜ್ಯಾಕ್ ಲ್ಯಾಪಿಡಿಸ್ ಅನ್ನುವ ಡಾಕ್ಟರು ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಸೋಪು ನೀರಲ್ಲಿ ಕೈ ತೊಳೆದು ಮನೆಯಲ್ಲೇ ಮಾಡಬಹುದು ಅಂತ ತೋರಿಸಿಕೊಟ್ಟರು. ಎಷ್ಟು ಕಿಡ್ನಿ ಉಳಿಸಿದ ಕೆಲಸ ಅದು! ಆಮೇಲೆ ಮೂತ್ರಕೋಶ ಸಡಿಲಿಸುವ ಮಾತ್ರೆಗಳು, ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್ ಥರದವು. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಡಾಕ್ಟರಿಗೆ ಹೇಳಿ. ಮಾತ್ರೆ ಸಾಲದಿದ್ದರೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಇಂಜೆಕ್ಷನ್, ಅದನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಕೊಡಬೇಕಾಗುತ್ತದೆ. ಕೊನೆಗೆ ಕರುಳಿನ ತುಂಡು ಸೇರಿಸಿ ಚೀಲ ದೊಡ್ಡದು ಮಾಡುವ ಆಪರೇಷನ್.

ಯಾವುದೇ ಮಾಡಿದರೂ ಮತ್ತೆ ಒತ್ತಡ ಅಳೆಸಿ. ಮಾತ್ರೆ ನುಂಗಿದ್ದಕ್ಕೆ ಒತ್ತಡ ಇಳಿದಿದೆ ಅಂತ ಊಹೆ ಮಾಡುವ ಹಾಗಿಲ್ಲ.

ಮಗುವಿಗೆ ಬೆನ್ನಲ್ಲಿ ಗಂಟು ಇತ್ತು, ಆಪರೇಷನ್ ಆಗಿದೆ. ಮಗುವಿಗೂ ಈ ಪರೀಕ್ಷೆ ಬೇಕಾ?

ಬೇಕು, ಅದೂ ಬೇಗ. ಸ್ಪೈನಾ ಬೈಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರದ ಮಕ್ಕಳಲ್ಲಿ ಕಾಲು ಆಡುತ್ತಿದ್ದರೂ ಮೂತ್ರಕೋಶಕ್ಕೆ ತೊಂದರೆ ಇರಬಹುದು. "ಇನ್ನೂ ಚಿಕ್ಕದು, ಡೈಪರ್ ಹಾಕ್ತೀವಲ್ಲ" ಅಂತ ಬಿಡಬೇಡಿ. ಈ ಮಕ್ಕಳಿಗೆ ಲೇಟೆಕ್ಸ್ (ರಬ್ಬರ್) ಅಲರ್ಜಿ ಬರುವ ಸಾಧ್ಯತೆ ಜಾಸ್ತಿ, ಲೇಟೆಕ್ಸ್ ಇಲ್ಲದ ಗ್ಲೌಸ್, ಪೈಪ್ ಬಳಸಿ ಅಂತ ಮೊದಲೇ ಹೇಳಿ.

ಎಲ್ಲಿ ಮಾಡಿಸುವುದು? ಖರ್ಚು?

ಮೊದಲು ಹಾಸನದ ಹಿಮ್ಸ್ ಅಥವಾ ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ, ಯೂರೋಡೈನಾಮಿಕ್ಸ್ ಆಗುತ್ತದಾ ಅಂತ ವಿಚಾರಿಸಿ, ಆಗದಿದ್ದರೆ ಚೀಟಿ ಬರೆಸಿಕೊಳ್ಳಿ. ಬೆನ್ನುಹುರಿ ಪೆಟ್ಟಿನವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ, ವೆಲ್ಲೂರಿನ ಸಿಎಂಸಿ ಇಂಥ ಕಡೆ ಈ ಕೆಲಸದ ಅನುಭವ ಬಹಳ ಇದೆ. ದರ ಆಸ್ಪತ್ರೆಗೊಂದು. ಹೊರಡುವ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ, ಬಿಪಿಎಲ್ ಕಾರ್ಡು ಮತ್ತು ಅಂಗವಿಕಲರ ಗುರುತಿನ ಚೀಟಿ ಜೊತೆಗಿರಲಿ. ಹಳೇ ಸ್ಕ್ಯಾನಿಂಗ್, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತಪರೀಕ್ಷೆ) ರಿಪೋರ್ಟ್ ತೆಗೆದುಕೊಂಡು ಹೋಗಿ. ಮೂರು ದಿನ ಎಷ್ಟು ಹೊತ್ತಿಗೆ ಎಷ್ಟು ಮಿಲಿ ಬಂತು, ಯಾವಾಗ ಸೋರಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ತುಂಬ ಸಹಾಯ.

ಚಿಪ್ ಬರುವ ತನಕ ಕಾಯೋಣ ಅಂತಿದ್ದೇವೆ. ಸರಿನಾ?

ಬೇಡ. ದಯವಿಟ್ಟು ಬೇಡ. ಚಿಪ್ ಬಂದ ದಿನ ನಾನೇ ಮೊದಲು ಖುಷಿಪಡುತ್ತೇನೆ. ಆದರೆ ಕಿಡ್ನಿ ಅಲ್ಲಿವರೆಗೆ ಕಾಯುವುದಿಲ್ಲ.

ನಮ್ಮಣ್ಣನಿಗೆ ಆವತ್ತು ಡಾಕ್ಟರು ಬರೆದುಕೊಟ್ಟ ಅಂಕಿ 150. ಮೂರು ಗಂಟೆಗೊಮ್ಮೆ ಪೈಪ್, ಜೊತೆಗೆ ಮಾತ್ರೆ. ಅತ್ತಿಗೆ ಬಚ್ಚಲಮನೆಯಲ್ಲಿ ಅಳತೆಯ ಮಗ್ ಇಟ್ಟು, ಬಾಗಿಲ ಹಿಂದೆ ಕ್ಯಾಲೆಂಡರ್ ನೇತುಹಾಕಿ ಪ್ರತಿ ಸಲ ಬರೆಯುತ್ತಿದ್ದರು. ಒಂದು ವರ್ಷ ಆದಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. 280 ಮಿಲಿ ತನಕ ಗೆರೆ 14 ದಾಟಲಿಲ್ಲ. ಬಲಗಡೆ ಕಿಡ್ನಿಯ ಊತ ಇಳಿದಿತ್ತು. ಈಗ 250ಕ್ಕೆ ಪೈಪ್ ಹಾಕುತ್ತೇವೆ, ಕ್ಯಾಲೆಂಡರ್ ಇವತ್ತಿಗೂ ಬಾಗಿಲ ಹಿಂದೆಯೇ ಇದೆ.